ಕಲ್ಲು ಎಲ್ಲಿ ಹೋದವು? ಏವ್‌ಬರಿ ಸುತ್ತಮುತ್ತ ನಾಲ್ಕು ದಿನ

ಮೊದಲ ದಿನ, ಶುಕ್ರವಾರ

ಅಕ್ಕನ ಮನೆ ಸ್ವಿಂಡನ್‌ನಲ್ಲಿ. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಊರು. ಶುಕ್ರವಾರ ಅಕ್ಕ, ಭಾವ ಇಬ್ಬರಿಗೂ ಆಫೀಸು, ಅಕ್ಕನ ಮಗಳಿಗೆ ಶಾಲೆ. ಒಬ್ಬನೇ ಕೂತು ಟಿವಿ ನೋಡೋದಕ್ಕೆ ಇಷ್ಟು ದೂರ ಬರಬೇಕಿತ್ತಾ ಅನ್ನಿಸಿ 49ನೇ ನಂಬರ್ ಬಸ್ ಹತ್ತಿದೆ. ಡಬಲ್ ಡೆಕ್ಕರ್. ಮೇಲಿನ ಮಹಡಿಯಲ್ಲಿ, ಎದುರಿನ ಗಾಜಿಗೆ ಮೂಗು ತಾಗಿಸೋ ಸೀಟು ಖಾಲಿ ಇತ್ತು. ನಲವತ್ತು ದಾಟಿದ ಗಂಡಸು ಅಲ್ಲಿ ಕೂರಬಾರದು ಅಂತ ಎಲ್ಲೂ ಬರೆದಿಲ್ಲ, ಕೂತೆ.

ಅರ್ಧ ಗಂಟೆ ದಾಟಿತ್ತು. ಬಸ್ಸು ಒಂದು ದೊಡ್ಡ ಮಣ್ಣಿನ ದಿಬ್ಬ ಸೀಳಿರೋ ಕಡೆಯಿಂದ ಒಳಗೆ ನುಗ್ಗಿತು. ಪಕ್ಕದಲ್ಲೇ, ರಸ್ತೆಗೆ ಅಂಟಿಕೊಂಡಂತೆ, ಒಂದು ಕಲ್ಲು. ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಥರ. 50 ಟನ್‌ಗಿಂತ ಜಾಸ್ತಿ ತೂಕ ಅಂತ ಅಂದಾಜು. ಇದಕ್ಕೆ ಸ್ವಿಂಡನ್ ಕಲ್ಲು ಅಂತ ಹೆಸರು, ಡೈಮಂಡ್ ಕಲ್ಲು ಅಂತಲೂ ಕರೀತಾರೆ. ನಡುರಾತ್ರಿ ಇದು ರಸ್ತೆ ದಾಟುತ್ತೆ ಅನ್ನೋದು ಊರಿನ ಕಥೆ. ಹಗಲು ಹೊತ್ತಿನ ಲಾರಿಗಳ ಓಡಾಟ ನೋಡಿದರೆ ಪಾಪ ಅದು ರಾತ್ರಿಯನ್ನೇ ಆರಿಸಿಕೊಂಡಿದ್ದು ಸರಿ ಅನ್ನಿಸಿತು.

ಏವ್‌ಬರಿ ವಿಲ್ಟ್‌ಶೈರ್ ಜಿಲ್ಲೆಯ ಒಂದು ಚಿಕ್ಕ ಪ್ಯಾರಿಷ್. ಪ್ಯಾರಿಷ್ ಅಂದರೆ ಮೊದಲು ಒಂದು ಚರ್ಚಿಗೆ ಸೇರಿದ ಹಳ್ಳಿಗಳ ಗುಂಪು, ಈಗ ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ ಅಂದುಕೊಳ್ಳಿ. ಈ ಪ್ಯಾರಿಷ್‌ನೊಳಗೆ ಇರೋದು ಪ್ರಪಂಚದ ಅತಿ ದೊಡ್ಡ ಕಲ್ಲಿನ ವೃತ್ತ. ಅಡ್ಡಳತೆ 330 ಮೀಟರ್ ಹತ್ತಿರ. ಕ್ರಿ.ಪೂ. 2850ರಿಂದ 2200ರ ನಡುವೆ ಹಂತ ಹಂತವಾಗಿ ಕಟ್ಟಿದ್ದು. ಸುತ್ತ ಒಂದು ಆಳವಾದ ಕಂದಕ, ಅದರಾಚೆ ದಿಬ್ಬ. ಮಜಾ ಏನಂದರೆ ಊರು ಈ ವೃತ್ತದ ಹೊಟ್ಟೆಯೊಳಗೇ ಬೆಳೆದಿದೆ. ಕಲ್ಲಿನ ಮಧ್ಯೆ ಮನೆ, ಮನೆ ಮಧ್ಯೆ ರಸ್ತೆ, ರಸ್ತೆ ಪಕ್ಕ ಪಬ್, ಎಲ್ಲಾ ಕಡೆ ಕುರಿ.

ಟಿಕೆಟ್ ಇಲ್ಲ. ಹಗ್ಗ ಇಲ್ಲ. ಸ್ಟೋನ್‌ಹೆಂಜ್‌ನಲ್ಲಿ ದೂರದಿಂದ ನಮಸ್ಕಾರ ಹಾಕಿ ಬರಬೇಕು, ಇಲ್ಲಿ ಕಲ್ಲಿಗೆ ಬೆನ್ನು ಕೊಟ್ಟು ಕೂತು ಬಾಳೆಹಣ್ಣು ತಿನ್ನಬಹುದು. ನಾನು ಅದನ್ನೇ ಮಾಡಿದೆ.

ಕೂತು ಎಣಿಸೋಕೆ ಶುರು ಮಾಡಿದ ಮೇಲೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಹೊರ ವೃತ್ತದಲ್ಲಿ ಮೊದಲು ಸುಮಾರು 100 ಕಲ್ಲು ಇದ್ದವಂತೆ. ಈಗ ಒಂದು ಕಡೆ ಸಾಲಾಗಿ ನಿಂತಿವೆ, ಇನ್ನೊಂದು ಕಡೆ ಬರೀ ಹುಲ್ಲು. ಕಲ್ಲು ಇದ್ದ ಜಾಗದಲ್ಲಿ ಮೊಣಕಾಲೆತ್ತರದ ಕಾಂಕ್ರೀಟ್ ಗೂಟ. ಹಾಗಾದರೆ ಉಳಿದ ಕಲ್ಲು ಎಲ್ಲಿ ಹೋದವು? ಆನೆಯಂಥ ಕಲ್ಲನ್ನು ಜೇಬಲ್ಲಿ ಹಾಕಿಕೊಂಡು ಹೋಗೋಕೆ ಆಗಲ್ಲವಲ್ಲ.

ಉತ್ತರದ ಮೊದಲ ತುಂಡು ಸಿಕ್ಕಿದ್ದು ರೆಡ್ ಲಯನ್ ಪಬ್‌ನಲ್ಲಿ. ಹುಲ್ಲು ಹೊದಿಸಿದ ಮಾಡು, ಕಪ್ಪು ಬಿಳುಪು ಗೋಡೆ, 17ನೇ ಶತಮಾನದ ಕಟ್ಟಡ. ಕಲ್ಲಿನ ವೃತ್ತದ ಒಳಗಿರೋ ಪಬ್ ಜಗತ್ತಿನಲ್ಲಿ ಇದೊಂದೇ ಅಂತ ಹೇಳಿಕೊಳ್ಳುತ್ತಾರೆ. ಒಳಗೊಂದು ಹಳೇ ಬಾವಿ ಇದೆ, 86 ಅಡಿ ಆಳ. ಮೇಲೆ ಗಾಜು ಮುಚ್ಚಿ ಅದನ್ನೇ ಟೇಬಲ್ ಮಾಡಿದ್ದಾರೆ. ಫ್ಲೋರಿ ಅನ್ನೋ ಹೆಂಗಸನ್ನು ಗಂಡನೇ ಕೊಂದು ಈ ಬಾವಿಗೆ ಹಾಕಿದನಂತೆ, ಅವಳು ಇನ್ನೂ ಓಡಾಡುತ್ತಾಳಂತೆ. ನಮ್ಮೂರಲ್ಲಾದರೆ ಇಂಥ ಬಾವಿಯ ಹತ್ತಿರ ಸಂಜೆ ಮೇಲೆ ಯಾರೂ ಸುಳಿಯಲ್ಲ. ಇಲ್ಲಿ ಅದರ ಮೇಲೆ ಗ್ಲಾಸ್ ಇಟ್ಟು ಚಿಪ್ಸ್ ತಿನ್ನುತ್ತಿದ್ದರು.

ಪಬ್‌ನಲ್ಲಿ ಯಾರೂ ನಿಮ್ಮ ಟೇಬಲ್ ಹತ್ತಿರ ಬರಲ್ಲ, ಇದು ಮೊದಲ ಸಲ ಹೋಗೋರಿಗೆ ಗೊತ್ತಿರಲಿ. ನಾನು ಕಾಲು ಗಂಟೆ ಸುಮ್ನೆ ಕೂತಿದ್ದೆ. ಕೌಂಟರಿಗೆ ನಾವೇ ಹೋಗಿ ಹೇಳಿ, ದುಡ್ಡು ಕೊಟ್ಟು ಬರಬೇಕು. ಕ್ಯೂ ಇರಲ್ಲ, ಆದರೆ ಯಾರ ನಂತರ ಯಾರು ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ. ನಾನು ತಗೊಂಡಿದ್ದು ಪ್ಲೌಮನ್ಸ್ ಲಂಚ್, ಅಂದರೆ ನೇಗಿಲು ಹೊಡೆಯೋನ ಊಟ. ಬ್ರೆಡ್ಡು, ದಪ್ಪನೆ ಚೀಸ್ ತುಂಡು, ಉಪ್ಪಿನಕಾಯಿ ಥರದ್ದೊಂದು ಸಿಹಿ ಗೊಜ್ಜು, ವಿನೆಗರ್‌ನಲ್ಲಿ ನೆನೆಸಿದ ಉಳ್ಳಾಗಡ್ಡಿ. ಹೊಲಕ್ಕೆ ಒಯ್ಯೋ ರೊಟ್ಟಿ, ಉಳ್ಳಾಗಡ್ಡಿ, ಖಾರದ ಬುತ್ತಿ ನೆನಪಾಗಿ ಖುಷಿಯಾಯಿತು. ಆಮೇಲೆ ತಿಳಿಯಿತು, ಹೊಲದ ಊಟ ಹಳೆಯದಾದರೂ ಈ ಹೆಸರು ಮನೆಮಾತಾಗಿದ್ದು 1950, 60ರ ದಶಕಗಳಲ್ಲಿ, ಚೀಸ್ ಮಾರುವವರ ಪ್ರಚಾರದಿಂದ. ಇರಲಿ, ರುಚಿಯಾಗಿತ್ತು.

ಪಬ್‌ನಿಂದ ಹೊರಬಂದು ಹಿಂದಿನ ಮನೆಗಳ ಗೋಡೆ ನೋಡುತ್ತಾ ನಡೆದೆ. ಬೂದು ಬಣ್ಣದ, ಸಕ್ಕರೆ ಹರಳಿನಂತೆ ಮಿನುಗೋ ಕಲ್ಲು. ವೃತ್ತದ ಕಲ್ಲೂ ಅದೇ. ಸಾರ್ಸನ್ ಅಂತ ಹೆಸರು, ಭಾರೀ ಗಟ್ಟಿ ಮರಳುಗಲ್ಲು. ಕಾಂಪೌಂಡ್ ಗೋಡೆಯಲ್ಲೂ ಅದೇ, ದನದ ಕೊಟ್ಟಿಗೆಯಲ್ಲೂ ಅದೇ. ಕಲ್ಲು ಎಲ್ಲೂ ಹೋಗಿಲ್ಲ ಮಾರಾಯರೇ, ಊರೊಳಗೇ ಇವೆ.

ಎರಡನೇ ದಿನ, ಶನಿವಾರ

ಇವತ್ತು ಎಲ್ಲರೂ ಭಾವನ ಕಾರಲ್ಲಿ. ಅಕ್ಕ ಇಲ್ಲಿಗೆ ಬಂದು ಆರು ವರ್ಷವಾಯಿತು, ಒಂದು ಸಲವೂ ಏವ್‌ಬರಿಗೆ ಹೋಗಿಲ್ಲ. "ಹತ್ತಿರ ಇದ್ದದ್ದು ಯಾರು ನೋಡ್ತಾರೋ, ನೀನು ಎಷ್ಟು ಸಲ ಹಿರೇಬೆಣಕಲ್ ಗುಡ್ಡ ಹತ್ತಿದೀ ಹೇಳು" ಅಂದಳು. ಹಳೇ ಕಲ್ಲುಗೋರಿಗಳಿರೋ ಆ ಗುಡ್ಡದ ಹತ್ತಿರವೇ, ಗಂಗಾವತಿಯಲ್ಲಿ ಹುಟ್ಟಿ ಬೆಳೆದ ನಾನು ಎರಡೇ ಸಲ ಹತ್ತಿದ್ದೇನೆ. ಬಾಯಿ ಮುಚ್ಚಿಕೊಂಡೆ.

ಮೊದಲು ಸೇಂಟ್ ಜೇಮ್ಸ್ ಚರ್ಚ್. ಇದು ವೃತ್ತದ ಒಳಗಿಲ್ಲ, ದಿಬ್ಬದ ಹೊರಗೆ ಪಶ್ಚಿಮಕ್ಕಿದೆ. ಸುಮಾರು 1000ನೇ ಇಸವಿಯ ಹೊತ್ತಿಗೆ ಇಲ್ಲಿ ಚರ್ಚ್ ಕಟ್ಟಿದಾಗ ಕಲ್ಲುಗಳಿಗೆ ಆಗಲೇ ಮೂರು ಸಾವಿರ ವರ್ಷ ಮೀರಿತ್ತು. ಒಳಗೆ ಹೋದರೆ ಯಾರೂ ಇಲ್ಲ. ಬಾಗಿಲು ತೆಗೆದಿದೆ, ತಣ್ಣಗಿದೆ, ಹಳೇ ಮರದ ವಾಸನೆ. ಗೋಡೆಯ ಎತ್ತರದಲ್ಲಿ ಹಡಗಿನ ಕಿಟಕಿಯಂಥ ಪುಟ್ಟ ದುಂಡನೆ ಕಿಟಕಿಗಳಿವೆ. ಅವು ಸ್ಯಾಕ್ಸನ್ ಕಾಲದವು. ಸ್ಯಾಕ್ಸನ್ನರ ನಂತರ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಅಗಲ ಮಾಡಿದರು, ಆಮೇಲಿನವರು ಗೋಪುರ ಎತ್ತಿದರು. ನಮ್ಮ ಗುಡಿಗಳ ಥರವೇ, ಗರ್ಭಗುಡಿ ಒಬ್ಬ ರಾಜನದು, ಮಂಟಪ ಇನ್ನೊಬ್ಬನದು.

ದೀಕ್ಷಾಸ್ನಾನದ ಕಲ್ಲು ತೊಟ್ಟಿಯ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ಅದರ ಮೇಲೆ ಕೋಲು ಹಿಡಿದ ಬಿಷಪ್, ಎರಡೂ ಕಡೆ ಹಾವಿನಂಥ ಪ್ರಾಣಿಗಳು ಮೇಲೆ ಬೀಳುತ್ತಿವೆ. "ಮಾಮಾ, ಇದು ನಾಗರಕಲ್ಲಾ?" ಅಂದಳು ಅಕ್ಕನ ಮಗಳು. ಅಲ್ಲ ಪುಟ್ಟಾ, ಇಲ್ಲಿ ಹಾವು ಕೆಟ್ಟದ್ದು. ಅಂದರೆ ಹಳೇ ನಂಬಿಕೆಗಳನ್ನು ಹೊಸ ಧರ್ಮ ತುಳಿಯುತ್ತಿದೆ ಅಂತ ಓದುವವರಿದ್ದಾರೆ. ಹೊರಗೆ ನೂರಾರು ಗಜ ದೂರದಲ್ಲಿ ಆ ಹಳೇ ಕಲ್ಲುಗಳು ನಿಂತಿರುವಾಗ ಹಾಗೆ ಓದೋದು ಕಷ್ಟವೇನಲ್ಲ.

ಚರ್ಚಿನೊಳಗೆ ಇನ್ನೊಂದು ಚೆಂದದ ವಸ್ತು ಮರದ ಅಟ್ಟ, 15ನೇ ಶತಮಾನದ್ದು, ಬಣ್ಣ ಬಳಿದದ್ದು. ಇಂಗ್ಲೆಂಡ್ ಪೋಪನನ್ನು ಬಿಟ್ಟು ಬೇರೆಯಾದ ಧರ್ಮಸುಧಾರಣೆಯ ಗಲಾಟೆಯಲ್ಲಿ ಇಂಥವನ್ನೆಲ್ಲ ದೇಶದ ತುಂಬ ಕಿತ್ತೆಸೆದರು. ಇಲ್ಲಿನವರು ಅದನ್ನು ಗಾರೆ ಗೋಡೆಯ ಹಿಂದೆ ಮುಚ್ಚಿಬಿಟ್ಟಿದ್ದರು. 1810ರಲ್ಲಿ ಮತ್ತೆ ಸಿಕ್ಕಿತು.

ಮುಚ್ಚಿಟ್ಟದ್ದು ಉಳಿಯಿತು ಅನ್ನೋ ಕಥೆ ಈ ಊರಲ್ಲಿ ಇನ್ನೊಂದಿದೆ. ಮಧ್ಯಯುಗದಲ್ಲಿ ಊರಿನವರು ವೃತ್ತದ ಕಲ್ಲುಗಳನ್ನು ಕೆಡವಿ, ಪಕ್ಕದಲ್ಲೇ ಗುಂಡಿ ತೋಡಿ ಹೂತರು. ಪಾದ್ರಿಗಳ ಒತ್ತಾಯ ಇದ್ದಿರಬೇಕು ಅಂತಾರೆ. 1938ರಲ್ಲಿ ಹೀಗೆ ಹೂತ ಒಂದು ಕಲ್ಲನ್ನು ಎತ್ತಿದಾಗ ಕೆಳಗೆ ಒಂದು ಅಸ್ಥಿಪಂಜರ. ಜೊತೆಗೆ ಕತ್ತರಿ, ಗಾಯ ಕೆದಕೋ ಸಲಾಕೆ, 14ನೇ ಶತಮಾನದ ಶುರುವಿನ ನಾಣ್ಯಗಳು. ಅಂದರೆ ಕ್ಷೌರಿಕ ವೈದ್ಯ. ಕಲ್ಲು ಕೆಡವುವಾಗ ಮೈಮೇಲೆ ಬಿದ್ದು ಸತ್ತ ಅಂತ ಬಹಳ ವರ್ಷ ನಂಬಿದ್ದರು. ಆ ಮೂಳೆಗಳನ್ನು ಲಂಡನ್ನಿಗೆ ಒಯ್ದರು, 1941ರ ಬಾಂಬ್ ದಾಳಿಯಲ್ಲಿ ಸುಟ್ಟು ಹೋದವು ಅಂದುಕೊಂಡರು, 1998ರಲ್ಲಿ ನೋಡಿದರೆ ಒಂದು ಮ್ಯೂಸಿಯಂನಲ್ಲಿ ಸುರಕ್ಷಿತವಾಗಿ ಕೂತಿವೆ! ಮತ್ತೆ ಪರೀಕ್ಷೆ ಮಾಡಿದವರು ಜಜ್ಜಿದ ಗುರುತಿಲ್ಲ, ಸತ್ತ ಮೇಲೆ ಗುಂಡಿಗೆ ಹಾಕಿರಬಹುದು ಅಂದರು. ಕಥೆ ಸ್ವಲ್ಪ ಸಪ್ಪೆಯಾಯಿತು, ಆದರೆ ಆ ಕಲ್ಲು ಈಗಲೂ ಬಾರ್ಬರ್ ಕಲ್ಲೇ.

ಹೂತ ಕಲ್ಲು ಉಳಿದವು. ಒಡೆದ ಕಲ್ಲು ಹೋದವು. ಒಡೆಯೋ ಕೆಲಸ ಜೋರಾಗಿದ್ದು 17 ಮತ್ತು 18ನೇ ಶತಮಾನದಲ್ಲಿ. ಸುತ್ತ ಗುಂಡಿ ತೋಡಿ, ಹುಲ್ಲು ತುಂಬಿ ಬೆಂಕಿ ಹಾಕಿ, ಕಲ್ಲು ಕಾದ ಮೇಲೆ ಗೆರೆಯುದ್ದಕ್ಕೂ ತಣ್ಣೀರು ಸುರಿದು ಸುತ್ತಿಗೆಯಿಂದ ಹೊಡೆಯೋದು. ಕೇಳಿದ ಕೂಡಲೇ ನನಗೆ ಗೊತ್ತಾಯಿತು. ನಮ್ಮ ಕಡೆ ಬಂಡೆಗೆ ಬೆಂಕಿ ಕೊಟ್ಟು ಚಪ್ಪಡಿ ಏಳಿಸೋರು ಮಾಡೋದೂ ಹೆಚ್ಚು ಕಮ್ಮಿ ಅದೇ. 1719ರಿಂದ ಕೆಲವು ವರ್ಷ ಇಲ್ಲಿಗೆ ಬರುತ್ತಿದ್ದ ವಿಲಿಯಂ ಸ್ಟಕ್ಲಿ ಅನ್ನೋ ಪಂಡಿತ ಈ ಒಡೆಯುವಿಕೆಯನ್ನು ಕಣ್ಣಾರೆ ಕಂಡು, ಹಲ್ಲು ಕಡಿದು, ಚಿತ್ರ ಬರೆದಿಟ್ಟ. ಟಾಮ್ ರಾಬಿನ್ಸನ್ ಅನ್ನೋನ ಮೇಲೆ ಅವನಿಗೆ ಬಹಳ ಸಿಟ್ಟು. ಆದರೆ ರಾಬಿನ್ಸನ್ ಕಡೆಯಿಂದಲೂ ಯೋಚಿಸಿ. ಮನೆ ಕಟ್ಟಬೇಕು, ಹೊಲ ಹಸನು ಮಾಡಬೇಕು, ಕಲ್ಲು ಹಿತ್ತಿಲಲ್ಲೇ ಇದೆ. ನಮ್ಮಲ್ಲಿ ವೀರಗಲ್ಲನ್ನು ಬಟ್ಟೆ ಒಗೆಯೋಕೆ ಹಾಕಿಕೊಂಡೋರು ಎಷ್ಟು ಮಂದಿ ಇಲ್ಲ?

ಪಬ್ ಹತ್ತಿರವೇ ವೃತ್ತದೊಳಗೆ ಒಂದು ಸಣ್ಣ ಚಾಪೆಲ್ ಇದೆ. ಅದರ ಗೋಡೆಯೂ ಸಾರ್ಸನ್. ಅದು ಅಲ್ಲಿರೋ ಕಾರಣ ಒಂದು ಕಾನೂನು. 1665ರಲ್ಲಿ ಬಂದ ಐದು ಮೈಲಿ ಕಾಯ್ದೆಯ ಪ್ರಕಾರ, ಸರ್ಕಾರಿ ಚರ್ಚನ್ನು ಒಪ್ಪದ ಪಾದ್ರಿಗಳು ಪಟ್ಟಣಗಳಿಂದ ಐದು ಮೈಲಿ ದೂರ ಇರಬೇಕು. ಏವ್‌ಬರಿ ಸುತ್ತಲಿನ ಪಟ್ಟಣಗಳಿಂದ ಆ ಐದು ಮೈಲಿಯ ಆಚೆಗೇ ಬೀಳುತ್ತದೆ. ಹಾಗಾಗಿ ಅವರೆಲ್ಲ ಇಲ್ಲಿ ಸೇರಿ, ಪೇಗನ್ನರ, ಅಂದರೆ ಕ್ರೈಸ್ತರಲ್ಲದ ಹಳೇ ಜನರ, ಕಲ್ಲು ಒಡೆದು ತಮ್ಮ ದೇವರಿಗೆ ಮನೆ ಕಟ್ಟಿದರು.

ಮ್ಯಾನರ್ ಮನೆಯನ್ನು, ಅಂದರೆ ಊರ ಜಮೀನ್ದಾರರ ಹಳೇ ಬಂಗಲೆಯನ್ನು, ಹೊರಗಿನಿಂದಲೇ ನೋಡಿದೆವು. ಅಲ್ಲಿ ವಾಸವಿದ್ದ ಅಲೆಕ್ಸಾಂಡರ್ ಕೈಲರ್ ಬಗ್ಗೆ ಮಾತ್ರ ಹೇಳಲೇಬೇಕು. ಡಂಡೀ ಊರಿನ ಮಾರ್ಮಲೇಡ್ ಮನೆತನದವನು, ಕಿತ್ತಳೆ ಜಾಮಿನ ದುಡ್ಡು. ಆ ದುಡ್ಡಿನಿಂದ 1930ರ ದಶಕದಲ್ಲಿ ಈ ಊರಿನ ಬಹುಭಾಗ ಕೊಂಡು, ಹೂತ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ, ಇಲ್ಲದವುಗಳ ಜಾಗದಲ್ಲಿ ಆ ಕಾಂಕ್ರೀಟ್ ಗೂಟ ನೆಟ್ಟ, ಕುದುರೆ ಲಾಯದಲ್ಲಿ ಮ್ಯೂಸಿಯಂ ಮಾಡಿದ. 1943ರಲ್ಲಿ ಬರೀ 12,000 ಪೌಂಡಿಗೆ, ಹಳೇ ಜಾಗಗಳನ್ನು ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ಮಾರಿದ. ದೊಡ್ಡ ಕೆಲಸವೇ. ಆದರೆ ವೃತ್ತದೊಳಗಿನ ಹಲವು ಮನೆಗಳನ್ನು ಕೆಡವಿಸಿದ್ದೂ ಅವನೇ. ಆ ಜನ ಪಕ್ಕದ ಏವ್‌ಬರಿ ಟ್ರಸ್ಲೋಗೆ ಹೋಗಬೇಕಾಯಿತು. ಟ್ರಸ್ಲೋದಲ್ಲಿ ಕಾರು ನಿಧಾನ ಮಾಡಿ ಆ ಮನೆಗಳ ಸಾಲು ನೋಡುವಾಗ ಭಾವ ಅಂದರು, "ಹಂಪಿ ಬಜಾರ್ ಥರ ಆಯ್ತಲ್ಲ." 2011ರ ಜುಲೈನಲ್ಲಿ ಹಂಪಿ ಬಜಾರಿನ ಮನೆ, ಅಂಗಡಿ ಬೀಳಿಸಿದಾಗ ಭಾವನ ಗೆಳೆಯನ ಹೋಟೆಲ್ಲೂ ಹೋಗಿತ್ತು. ಆಮೇಲೆ ಕಾರಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಮೂರನೇ ದಿನ, ಭಾನುವಾರ

ನಡೆಯೋ ದಿನ. ಅಕ್ಕ ಚಿತ್ರಾನ್ನ ಕಟ್ಟಿದಳು, ಅದೂ ಸಾಕಾಗಲಿಲ್ಲ ಅನ್ನೋದು ಮುಂದೆ ಬರುತ್ತೆ.

ವೃತ್ತದ ದಕ್ಷಿಣ ಬಾಗಿಲಿಂದ ವೆಸ್ಟ್ ಕೆನೆಟ್ ಅವೆನ್ಯೂ ಶುರು. ಜೋಡಿ ಜೋಡಿ ಕಲ್ಲುಗಳ ಬೀದಿ, ಎರಡೂವರೆ ಕಿಲೋಮೀಟರ್. ಒಂದು ಎತ್ತರದ್ದು, ಎದುರು ಅಗಲದ್ದು. ಗಂಡು ಹೆಣ್ಣು ಅಂತ ಕೆಲವರು ಹೇಳ್ತಾರೆ. ಮೇ ತಿಂಗಳ ಕೊನೆ, ಬೇಲಿಯ ಹಾಥಾರ್ನ್ ಗಿಡಗಳೆಲ್ಲ ಬಿಳಿ ಹೂವು. ಬೀದಿ ಮುಗಿಯೋದು ಓವರ್ಟನ್ ಬೆಟ್ಟದ ಸ್ಯಾಂಕ್ಚುಯರಿ ಅನ್ನೋ ಜಾಗದಲ್ಲಿ. ಅಲ್ಲಿ ನೋಡೋಕೆ ಏನಿದೆ? ಕಾಂಕ್ರೀಟ್ ಗುರುತುಗಳು. ಕಲ್ಲುಗಳನ್ನು ಸ್ಟಕ್ಲಿಯ ಕಣ್ಣೆದುರೇ ಕಿತ್ತು ಹಾಕಿದರು, ಜಾಗವೇ ಮರೆತುಹೋಗಿತ್ತು, 1930ರಲ್ಲಿ ಮಾಡ್ ಕನಿಂಗ್‌ಟನ್ ಅನ್ನೋ ಮಹಿಳೆ ಅವನ ಬರಹ ಹಿಡಿದು ಮತ್ತೆ ಹುಡುಕಿದರು. ಪಕ್ಕದಲ್ಲಿ ಲಾರಿಗಳ ಸದ್ದು. ಎರಡು ನಿಮಿಷ ನಿಂತು ಹೊರಟೆವು.

ವೆಸ್ಟ್ ಕೆನೆಟ್ ಲಾಂಗ್ ಬ್ಯಾರೋ ಮಾತ್ರ ಬೇರೆ ಮಾತು. ಗೋಧಿ ಹೊಲದ ನಡುವೆ ಏರಿ ಹೋಗಬೇಕು. ಹಿಂದಿನ ರಾತ್ರಿ ಮಳೆ ಬಂದಿತ್ತು, ಸುಣ್ಣದ ಮಣ್ಣು ಶೂಗೆ ಮೆತ್ತಿ ಒಂದೊಂದು ಕಾಲೂ ಎರಡು ಕಿಲೋ. ನೂರು ಮೀಟರ್ ಉದ್ದದ ದಿಬ್ಬ, ತುದಿಯಲ್ಲಿ ಭಾರೀ ಕಲ್ಲುಗಳ ಅಡ್ಡಗೋಡೆ, ಅದರ ಹಿಂದೆ ಒಳಗೆ ಹೋಗೋ ದಾರಿ. ಐದು ಕೋಣೆಗಳು. ಕ್ರಿ.ಪೂ. 3650ರ ಸುಮಾರಿಗೆ ಕಟ್ಟಿದ ಸಮಾಧಿ, ಅಂದರೆ ಕಲ್ಲಿನ ವೃತ್ತಕ್ಕಿಂತಲೂ ಹಳೆಯದು. ಕನಿಷ್ಠ 36 ಜನರ ಮೂಳೆ ಇಲ್ಲಿ ಸಿಕ್ಕಿವೆ. 1685ರಲ್ಲಿ ಮಾರ್ಲ್‌ಬರೋದ ಡಾಕ್ಟರ್ ಟೂಪ್ ಅನ್ನೋನು ಈ ಸುತ್ತಿನಲ್ಲಿ ಮೂಳೆ ಅಗೆದು, ಕುಟ್ಟಿ ಪುಡಿ ಮಾಡಿ ರೋಗಿಗಳಿಗೆ ಔಷಧಿ ಕೊಡುತ್ತಿದ್ದನಂತೆ. ಅಕ್ಕ "ಥೂ" ಅಂದಳು.

ಒಳಗೆ ತಲೆ ಬಗ್ಗಿಸಿ ನಿಂತಾಗ ಹಿರೇಬೆಣಕಲ್ ನೆನಪಾಗದೇ ಇರಲಿಲ್ಲ. ಅಲ್ಲಿ ಗುಡ್ಡದ ಮೇಲೆ ನಾನೂರರಷ್ಟು ಕಲ್ಲಿನ ಗೋರಿಗಳು, ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದು, ಕೆಲವಕ್ಕೆ ದುಂಡನೆ ಕಿಂಡಿ. ಮೋರೇರ ಮನೆ ಅಂತಾರೆ ನಮ್ಮವರು, ಮೋರೇರು ಅನ್ನೋ ಕುಳ್ಳ ಜನ ಅದರಲ್ಲಿ ವಾಸ ಮಾಡುತ್ತಿದ್ದರಂತೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ಸುಮಾರಿಗೆ ಆ ಸೀಮೆಯ ಇಂಥ ಗೋರಿಗಳನ್ನು ಅಗೆಸಿ, ಇವು ಇಂಗ್ಲೆಂಡಿನ ಕಲ್ಲುಗಳ ಹಾಗೇ ಇವೆಯಲ್ಲ ಅಂತ ಬೆರಗಾಗಿ ಬರೆದ. ಕಟ್ಟಿದವರೂ ಒಂದೇ ಕುಲದವರಿರಬಹುದು ಅನ್ನೋ ಊಹೆಯೂ ಆಗ ನಡೆಯುತ್ತಿತ್ತು. ಹಿರೇಬೆಣಕಲ್ ಈ ಬ್ಯಾರೋಗಿಂತ ಎರಡೂವರೆ ಸಾವಿರ ವರ್ಷಕ್ಕೂ ಹೆಚ್ಚು ಹೊಸದು, ಸಂಬಂಧ ಏನೂ ಇಲ್ಲ. ಆದರೂ ಅವನು ಅಲ್ಲಿ ನಿಂತು ಇಲ್ಲಿಯದನ್ನು ನೆನೆಸಿಕೊಂಡ, ನಾನು ಇಲ್ಲಿ ನಿಂತು ಅಲ್ಲಿಯದನ್ನು.

ಬ್ಯಾರೋದಿಂದ ಎದುರಿಗೆ ಕಾಣೋದು ಸಿಲ್ಬರಿ ಬೆಟ್ಟ. ಬೆಟ್ಟ ಅಲ್ಲ, ಮನುಷ್ಯರು ಪೇರಿಸಿದ ಸುಣ್ಣಮಣ್ಣಿನ ರಾಶಿ. 30 ಮೀಟರಿಗೂ ಎತ್ತರ, ಕ್ರಿ.ಪೂ. 2400ರ ಆಸುಪಾಸು. ನಿಧಿ ಇದೆ ಅಂತ 1776ರಲ್ಲಿ ಮೇಲಿಂದ ಬಾವಿ ತೋಡಿದರು, 1849ರಲ್ಲಿ ಪಕ್ಕದಿಂದ ಸುರಂಗ ಕೊರೆದರು, 1968ರಲ್ಲಿ ಟಿವಿ ಕ್ಯಾಮೆರಾ ಮುಂದೆ ಇನ್ನೊಂದು ಸುರಂಗ. ಒಳಗೆ ಸಿಕ್ಕಿದ್ದು ಮಣ್ಣು. 2000ದಲ್ಲಿ ಆ ಹಳೇ ಬಾವಿ ಕುಸಿದು ನೆತ್ತಿಯ ಮೇಲೆ ದೊಡ್ಡ ಗುಂಡಿ ಬಿತ್ತು, ಆಮೇಲೆ ಎಲ್ಲ ತುಂಬಿ ಸರಿ ಮಾಡಿದರು. ಹತ್ತೋದಕ್ಕೆ ಬಿಡಲ್ಲ.

ಚಿತ್ರಾನ್ನ ಎಷ್ಟೊತ್ತಿಗೋ ಖಾಲಿ. ಬೆಕ್‌ಹ್ಯಾಂಪ್ಟನ್ ತಲುಪೋ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಅಲ್ಲಿ ವ್ಯಾಗನ್ ಅಂಡ್ ಹಾರ್ಸಸ್ ಅನ್ನೋ ಹಳೇ ಪಬ್, ಹುಲ್ಲಿನ ಮಾಡು, ಸಾರ್ಸನ್ ಗೋಡೆ. ಲಂಡನ್‌ನಿಂದ ಬಾತ್‌ಗೆ ಹೋಗೋ ಕುದುರೆ ಗಾಡಿಗಳು ನಿಲ್ಲುತ್ತಿದ್ದ ಜಾಗ. ಭಾನುವಾರ ಅಂದರೆ ಸಂಡೇ ರೋಸ್ಟ್, ಮಾಂಸದ ಊಟ. ನಮ್ಮಂಥವರಿಗೆ ನಟ್ ರೋಸ್ಟ್, ಅಂದರೆ ಗೋಡಂಬಿ ಬಾದಾಮಿ ಅರೆದು ಬೇಯಿಸಿದ ಒಂದು ಇಟ್ಟಿಗೆ. ಅದರ ಮೇಲೆ ಗ್ರೇವಿ ಸುರಿದರೆ ನುಂಗಬಹುದು. ಆಲೂಗಡ್ಡೆ ಮಾತ್ರ ಅದ್ಭುತ. ಭಾವ 6ಎಕ್ಸ್ ಅನ್ನೋ ಈ ಕಡೆಯ ಬಿಯರ್ ತಗೊಂಡರು. ಡಿವೈಝಸ್ ಊರಿನ ವಾಡ್‌ವರ್ತ್ ಕಂಪನಿಯದು, ಆ ಕಂಪನಿ 1875ರಿಂದ ಇದೆ. ತಣ್ಣಗೆ ಇರಲ್ಲ, ನೊರೆಯೂ ಕಮ್ಮಿ. "ಬಿಸಿಲಲ್ಲಿ ಮರೆತಿಟ್ಟ ಬಿಯರ್ ಇದ್ದಂಗಿದೆ" ಅಂದೆ. ಭಾವನಿಗೆ ಸ್ವಲ್ಪ ಬೇಸರವಾಯಿತು.

ವಾಪಸ್ ಬರುವಾಗ ಹೊಲದಲ್ಲಿ ಎರಡು ಒಂಟಿ ಕಲ್ಲು, ಆಡಮ್ ಮತ್ತು ಈವ್. ಇಲ್ಲೂ ಒಂದು ಕಲ್ಲಿನ ಬೀದಿ ಇತ್ತು ಅಂತ ಸ್ಟಕ್ಲಿ ಹೇಳಿದ್ದನ್ನು ಬಹಳ ಜನ ನಂಬಿರಲಿಲ್ಲ. 1999ರಲ್ಲಿ ಅಗೆದಾಗ ಗುಂಡಿಗಳು ಸಿಕ್ಕವು. ಅವನು ಹೇಳಿದ್ದು ನಿಜವಾಗಿತ್ತು.

ನಾಲ್ಕನೇ ದಿನ, ಸೋಮವಾರ

ಬ್ಯಾಂಕ್ ಹಾಲಿಡೇ, ಅಂದರೆ ಇಲ್ಲಿನ ಸಾರ್ವಜನಿಕ ರಜೆ. ಬೆಳಿಗ್ಗೆ ಡಿವೈಝಸ್‌ಗೆ. ಸೇಂಟ್ ಜಾನ್ಸ್ ಚರ್ಚಿನ ನಾರ್ಮನ್ ಕಮಾನುಗಳು ಚೆನ್ನಾಗಿವೆ, ಆದರೆ ನನ್ನ ಮನಸ್ಸು ಕದ್ದಿದ್ದು ಸಂತೆ ಚೌಕದ ಕಲ್ಲಿನ ಶಾಸನ. 1753ರಲ್ಲಿ ರೂತ್ ಪಿಯರ್ಸ್ ಅನ್ನೋ ಹೆಂಗಸು ಮೂವರ ಜೊತೆ ಸೇರಿ ಒಂದು ಚೀಲ ಗೋಧಿ ಕೊಂಡಳು. ಎಣಿಸಿದರೆ ದುಡ್ಡು ಕಮ್ಮಿ. ನನ್ನ ಪಾಲು ಕೊಟ್ಟಿದ್ದೇನೆ, ಸುಳ್ಳಾದರೆ ಇಲ್ಲೇ ಸಾಯಲಿ ಅಂದಳು. ಅಲ್ಲೇ ಬಿದ್ದು ಸತ್ತಳು. ಮುಷ್ಟಿಯಲ್ಲಿ ದುಡ್ಡು ಇತ್ತಂತೆ. ಅಕ್ಕ ಎರಡು ಸಲ ಓದಿಸಿಕೊಂಡಳು. ಧರ್ಮಸ್ಥಳದ ಆಣೆ ಕೇಳಿ ಬೆಳೆದವರಿಗೆ ಇದೇನು ಪರದೇಶದ ಕಥೆ ಅನ್ನಿಸಲಿಲ್ಲ.

ಊಟಕ್ಕೆ ಒಂದು ಪಬ್ ಹೊಕ್ಕರೆ ಎರಡೂವರೆಗೆ ಅಡುಗೆಮನೆ ಬಂದ್. ನಾವು ಹೋಗಿದ್ದು ಎರಡು ಮೂವತ್ತೈದಕ್ಕೆ. ಐದು ನಿಮಿಷ, ಇಡೀ ಪಬ್ ಖಾಲಿ, ಒಂದು ತಟ್ಟೆ ಚಿಪ್ಸ್ ಕೂಡ ಇಲ್ಲ ಅಂದರು. ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ ತಿಂದೆವು.

ಸಂಜೆ ಬೆಳಕು ಇಲ್ಲಿ ಒಂಬತ್ತರವರೆಗೂ ಇರುತ್ತೆ. ಏವ್‌ಬರಿಯ ಪೂರ್ವಕ್ಕೆ ಗ್ರೀನ್ ಸ್ಟ್ರೀಟ್ ಹಿಡಿದು, ರಿಡ್ಜ್‌ವೇ ಅನ್ನೋ ಹಳೇ ಕಾಲುದಾರಿ ದಾಟಿ, ಫೈಫೀಲ್ಡ್ ಡೌನ್‌ಗೆ ನಡೆದೆವು. ಕಲ್ಲು ಎಲ್ಲಿ ಹೋದವು ಅಂತ ಮೂರು ದಿನ ಹುಡುಕಿದ್ದಾಯಿತು, ಎಲ್ಲಿಂದ ಬಂದವು ಅಂತ ನೋಡಬೇಕಿತ್ತು. ಹುಲ್ಲಿನ ಕಣಿವೆ ತುಂಬ ಕಲ್ಲು. ನಿಂತಿಲ್ಲ, ಮಲಗಿವೆ. ದೂರದಿಂದ ಕುರಿ ಹಿಂಡೇ. ಅದಕ್ಕೇ ಜನ ಇವನ್ನು ಗ್ರೇ ವೆದರ್ಸ್, ಬೂದು ಟಗರು, ಅಂತ ಕರೆದಿದ್ದು. ನಡುನಡುವೆ ನಿಜವಾದ ಕುರಿಗಳೂ ಇದ್ದವು, ಅಕ್ಕನ ಮಗಳು ಯಾವುದು ಎದ್ದು ಓಡುತ್ತೆ ಅಂತ ಪಂಥ ಕಟ್ಟಿದಳು. ಎರಡು ಸಲ ನಾನೇ ಸೋತೆ.

ಅಲ್ಲೊಂದು ಕಲ್ಲಿಗೆ ಪಾಲಿಷರ್ ಅಂತ ಹೆಸರು. ಕಲ್ಲಿನ ಕೊಡಲಿಗಳನ್ನು ಉಜ್ಜಿ ಉಜ್ಜಿ ಅದರ ಮೈಮೇಲೆ ಉದ್ದುದ್ದ ಗೀರು ಬಿದ್ದಿವೆ, ನುಣ್ಣಗೆ, ಬೆರಳು ಕೂರುವಷ್ಟು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಬಂಡೆಗಳ ಮೇಲೂ ಕೊಡಲಿ ಉಜ್ಜಿದ ಇಂಥದೇ ಗುಳಿಗಳಿವೆ. ಹುಡುಗಿ ಗೀರಿನಲ್ಲಿ ಬೆರಳಿಟ್ಟು ಹಿಂದೆ ಮುಂದೆ ಎಳೆಯುತ್ತಾ ಕೂತಳು. ಒಳಗೆ ಮಳೆ ನೀರು ನಿಂತಿತ್ತು. "ಮಾಮಾ, ಎಷ್ಟು ದಿನ ಉಜ್ಜಿರಬಹುದು?" ಅಂದಳು. ಅಷ್ಟರಲ್ಲಿ ಅಕ್ಕ ಆ ಕಡೆಯಿಂದ ಕೂಗಿದಳು, ನಾಳೆ ಶಾಲೆಗೆ ರಜೆ ಇರಬಹುದು, ನನಗೆ ಆಫೀಸು ಇದೆ, ಏಳ್ರಿ.